ಎದೆಯ ಸೀಟಿ

ಡ್ರಿಲ್ ಮೇಷ್ಟ್ರ ಉಬ್ಬಸಕ್ಕೆ ಹೊಸ ಇನ್ಹೇಲರ್ ಬಂದದ್ದು ಶಾಲೆಯ ಓಟದ ಸ್ಪರ್ಧೆಯ ಹಿಂದಿನ ದಿನ. ಹಳೆಯದು ಒತ್ತಿದರೆ ಬುಸ್ಸೆನ್ನುತ್ತಿತ್ತು. ಇದು ಪುಡಿಯದು, ಬಿಲ್ಲೆಯ ಹಾಗೆ ದುಂಡಗೆ, ಒಂದು ಕಡೆ ಬಾಯಿಡಲು ಜಾಗ. ಡಾಕ್ಟರು ಹೇಳಿಕೊಟ್ಟದ್ದು ಮನೆ ಮುಟ್ಟುವಷ್ಟರಲ್ಲಿ ಅರ್ಧ ಮರೆತುಹೋಗಿತ್ತು, ಉಳಿದರ್ಧ ತಲೆಕೆಳಗಾಗಿತ್ತು.

ಬೆಳಿಗ್ಗೆ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುವಾಗಲೇ ಎದೆ ಬಿಗಿಯಿತು. ಮೇಷ್ಟ್ರು ಬಿಲ್ಲೆ ತೆಗೆದರು.

"ಚೆನ್ನಾಗಿ ಅಲ್ಲಾಡ್ಸಿ, ಔಷಧಿ ತಳದಲ್ಲಿ ಕೂತಿರುತ್ತೆ," ಎಂದರು ಸ್ಟಾಪ್‌ವಾಚ್ ಹಿಡಿದಿದ್ದ ಗಣಿತದ ಮೇಷ್ಟ್ರು.

"ಮೆಲ್ಲಗೆ ಎಳ್ಕೊಳ್ಳಿ, ಗಂಟಲಿಗೆ ಹತ್ತೀತು," ಎಂದರು ಹೆಡ್‌ಮಾಸ್ಟರು. ಯಾರಿಗಾದರೂ ಸಲಹೆ ಕೊಡದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ.

ಅಲ್ಲಾಡಿಸಬೇಕೋ, ಎಳೆಯಬೇಕೋ? ಗೊಂದಲದಲ್ಲಿ ಮೇಷ್ಟ್ರು ಅಲ್ಲಾಡಿಸಿ ಬಾಯಿಗಿಟ್ಟರು. ಬಾಯಿಗೆ ಇಪ್ಪತ್ತು ವರ್ಷ ಸೀಟಿ ಊದಿದ ಅಭ್ಯಾಸ. ಅದು ಊದಿಬಿಟ್ಟಿತು. ಚಿಟಿಕೆ ಪುಡಿ ಹಾರಿ ಗಣಿತದ ಮೇಷ್ಟ್ರ ಕನ್ನಡಕದ ಮೇಲೆ ಕೂತಿತು.

"ಉಬ್ಬಸ ಇರೋದು ನಿಮಗೆ ಕಣ್ರೀ!"

ಅಷ್ಟರಲ್ಲಿ ಹುಡುಗಿಯರ ನೂರು ಮೀಟರ್ ಓಟದ ಮೊದಲ ತಂಡ ಗೆರೆಯ ಮೇಲೆ ಬಗ್ಗಿ ನಿಂತಿತ್ತು. ಮೇಷ್ಟ್ರು ಸೀಟಿ ಎತ್ತಿಕೊಂಡು ಉಸಿರೆಳೆದರು. ಸೀಟಿ ಇನ್ನೂ ತುಟಿ ಮುಟ್ಟಿರಲಿಲ್ಲ, ಅವರ ಎದೆಯೊಳಗಿಂದಲೇ "ಸುಂಯ್ಯ್" ಎಂದು ಸದ್ದು ಹೊರಟಿತು. ಆರೂ ಜನ ಕವಣೆಯ ಕಲ್ಲಿನಂತೆ ಚಿಮ್ಮಿದರು.

"ನಿಲ್ರೇ! ನಾನು ಊದಿಲ್ಲ!" ಎನ್ನಲು ಮೇಷ್ಟ್ರಿಗೆ ಉಸಿರೇ ಇರಲಿಲ್ಲ. ಮೊದಲು ಬಂದ ಹುಡುಗಿ ಶಾಲೆಯ ದಾಖಲೆ ಮುರಿದಿದ್ದಳು.

ಶಾಲೆಯ ನರ್ಸಮ್ಮ ಓಡಿಬಂದು, ಬಿಲ್ಲೆಯ ಗುಂಡಿ ಸರಿಸಿ ಹೊಸ ಪುಡಿ ಬರುವಂತೆ ಮಾಡಿ ಕೊಟ್ಟರು. "ಅಲ್ಲಾಡಿಸ್ಬೇಡಿ. ಮೊದಲು ಉಸಿರು ಹೊರಗೆ ಬಿಡಿ. ಅಯ್ಯೋ, ಅದರೊಳಗಲ್ಲ, ಆ ಕಡೆ ತಿರುಗಿ! ಈಗ ಒಂದೇ ಸಲ ಜೋರಾಗಿ ಎಳೀರಿ. ಇದರಲ್ಲಿ ತಳ್ಳೋ ಗ್ಯಾಸ್ ಇಲ್ಲ, ನಿಮ್ಮ ಉಸಿರೇ ಪುಡಿನ ಒಳಗೆ ಹೊತ್ಕೊಂಡು ಹೋಗ್ಬೇಕು. ಹತ್ತು ಎಣಿಸೋವರೆಗೂ ಬಿಡಬೇಡಿ."

ಹತ್ತು ನಿಮಿಷದಲ್ಲಿ ಎದೆ ಬೀಗ ತೆಗೆದ ಬಾಗಿಲಿನಷ್ಟು ಸಲೀಸಾಯಿತು. ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು. "ಆ ಓಟ ರದ್ದು. ಮತ್ತೆ ಓಡಿಸ್ತೀನಿ," ಎಂದರು, ಗಟ್ಟಿ ದನಿಯಲ್ಲಿ.

ಗೆದ್ದ ಹುಡುಗಿಯ ತಾಯಿ ಎದ್ದು ಬಂದರು. ವೃತ್ತಿಯಲ್ಲಿ ವಕೀಲೆ. ನಿಯಮದ ಹಾಳೆ ಬಿಡಿಸಿ ಓದಿದರು: "'ಡ್ರಿಲ್ ಮಾಸ್ಟರರ ಸೀಟಿ ಕೇಳಿದೊಡನೆ ಓಡತಕ್ಕದ್ದು.' ಸೀಟಿ ಎಲ್ಲಿಂದ ಬರಬೇಕು ಅಂತ ಬರೆದಿಲ್ವಲ್ಲ?"

ಹೆಡ್‌ಮಾಸ್ಟರು ಎರಡು ಸಲ ಓದಿ ತಲೆ ಕೆರೆದುಕೊಂಡರು. "ಓಟ ಸಿಂಧು."

"ಹಾಗಾದ್ರೆ ನಮಗೂ ಅದೇ ಸೀಟಿ ಬೇಕು!" ಎಂದು ಕೂಗಿತು ಎರಡನೆಯ ತಂಡ. "ಅದು ಬೇಗ ಕೇಳ್ಸುತ್ತೆ!"

"ನ್ಯಾಯವಾದ ಮಾತು," ಎಂದು ಹೆಡ್‌ಮಾಸ್ಟರು ಡ್ರಿಲ್ ಮೇಷ್ಟ್ರ ಎದೆಗೆ ಕಿವಿಯಿಟ್ಟರು. ಸದ್ದೇ ಇಲ್ಲ. "ಒಂದೇ ಒಂದ್ಸಲ, ಸಣ್ಣದಾಗಿ?"

"ಹುಷಾರಾಗಿಬಿಟ್ಟಿದೀನಿ ಸಾರ್," ಎಂದರು ಮೇಷ್ಟ್ರು, ತಪ್ಪೊಪ್ಪಿಕೊಳ್ಳುವವರಂತೆ. ಖುಷಿಪಡಬೇಕೋ ನಾಚಬೇಕೋ ಅವರಿಗೇ ತಿಳಿಯಲಿಲ್ಲ.

"ಆ ಪುಡಿ ಎಷ್ಟು ಹೊತ್ತು ಕೆಲಸ ಮಾಡುತ್ತೆ?"

"ಹನ್ನೆರಡು ಗಂಟೆ!" ಎಂದರು ನರ್ಸಮ್ಮ ಹೆಮ್ಮೆಯಿಂದ.

ಹೆಡ್‌ಮಾಸ್ಟರು ಗಡಿಯಾರ ನೋಡಿ ಮೈಕು ಎತ್ತಿಕೊಂಡರು. "ಎರಡನೇ ತಂಡದ ಓಟ ರಾತ್ರಿ ಒಂಬತ್ತೂಕಾಲಿಗೆ. ಅಲ್ಲೀವರೆಗೆ ಡ್ರಿಲ್ ಮೇಷ್ಟ್ರನ್ನ ಯಾರೂ ಮನೆಗೆ ಕಳಿಸಬಾರದು. ಬಿಲ್ಲೆ ನನ್ನ ಹತ್ರ ಇರುತ್ತೆ."