ಜಗ್ಗಿ ನೋಡುವ ಕಾಕಾ

ನಮ್ಮ ಕಾಕಾ ಮದುವೆಗೆ ಬಂದರೆ ಅಕ್ಷತೆ ಹಾಕುವ ಮೊದಲು ವಧುವಿನ ಸೆರಗಿಗೂ ವರನ ಶಲ್ಯಕ್ಕೂ ಹಾಕಿದ ಗಂಟನ್ನು ಜಗ್ಗಿ ನೋಡುತ್ತಾರೆ! ಸುಳ್ಳಲ್ಲ. ಬಿಬವೇವಾಡಿಯ ಒಂದು ಮದುವೆಯಲ್ಲಿ ಹಾಗೆ ಜಗ್ಗಿದಾಗ ಗಂಟು ಬಿಚ್ಚಿಯೇ ಹೋಯಿತು. ಪುರೋಹಿತರು ಕೆಂಡವಾದರು. ಕಾಕಾ ಮಾತ್ರ ಶಾಂತರಾಗಿ, "ಈಗ ಬಿಚ್ಚಿದ್ದು ಛಲೋ ಆತ್ರಿ. ಆಮ್ಯಾಲ ಬಿಚ್ಚಿದ್ರ ಯಾರು ಜವಾಬ್ದಾರಿ?" ಎಂದರು.

ಇದು ನನ್ನ ನೆನಪು. ಕಾಕು, ಅಂದರೆ ಅವರ ಹೆಂಡತಿ, ಗಂಟು ಬಿಚ್ಚಲೇ ಇಲ್ಲ ಎನ್ನುತ್ತಾರೆ. ನಾನೋ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು. ಪುರಾವೆಯಿಲ್ಲದ್ದನ್ನು ನಂಬಬೇಡಿ ಎಂದು ಊರಿಗೆಲ್ಲ ಬೋಧಿಸುವವನು. ಕಷ್ಟವೇನೆಂದರೆ, ಕಾಕಾನ ವಿಷಯದಲ್ಲಿ ನನಗಿರುವ ಏಕೈಕ ಸಾಕ್ಷಿ ನಾನೇ. ಆ ಸಾಕ್ಷಿಯನ್ನು ಯಾವ ಕೋರ್ಟೂ ಒಳಗೆ ಬಿಡಲಾರದು.

ಜಗ್ಗುವ ಚಟ ಹತ್ತಿದ್ದು ಭೋಸರಿಯ ಕಾರ್ಖಾನೆಯಲ್ಲಿ. ಅಲ್ಲಿ ವಿದ್ಯುತ್ ಪ್ಯಾನೆಲ್‌ಗಳು ತಯಾರಾಗುತ್ತವೆ. ವೈರಿನ ತುದಿಗೆ ಟೋಪಿಯಂತೆ ತಾಮ್ರದ ಲಗ್ ತೊಡಿಸಿ, ಕ್ರಿಂಪಿಂಗ್ ಪಕ್ಕಡ್ ಎಂಬ ಇಕ್ಕಳದ ದವಡೆಯಲ್ಲಿಟ್ಟು ಒತ್ತಬೇಕು. ಸರಿಯಾಗಿ ಒತ್ತಿದರೆ ವೈರಿಗೂ ಲಗ್ಗಿಗೂ ಜನ್ಮದ ನಂಟು. ದವಡೆ ಸವೆದಿದ್ದರೆ ಮೇಲೆ ಎಲ್ಲ ಚೆಂದ, ಒಳಗೆ ಸಡಿಲ. ಸಡಿಲಿದ್ದಲ್ಲಿ ಬಿಸಿ, ಬಿಸಿಯಿದ್ದಲ್ಲಿ ಬೆಂಕಿ. ಹಾಗಾಗಿ ಪಕ್ಕಡ್‌ಗಳ ಆರೋಗ್ಯ ವಿಚಾರಿಸುವುದೇ ಕಾಕಾನ ಕೆಲಸ. ದಿನಾ ಬೆಳಿಗ್ಗೆ ಒಂದೊಂದರ ಬಾಯಿ ತೆರೆಸಿ ಬ್ರಷ್ಷಿನಿಂದ ಉಜ್ಜುತ್ತಿದ್ದರು. ಕೀಲಿಗೆ ಹನಿ ಎಣ್ಣೆ ಬಿಡುತ್ತಿದ್ದರು. ದವಡೆಯ ಸಂದಿಗೆ ಗೇಜಿನ ಕಡ್ಡಿ ತೂರಿಸಿ ಸವೆತ ನೋಡುತ್ತಿದ್ದರು. ಕೊನೆಗೆ ಒಂದು ಲಗ್ ಒತ್ತಿ, ಮೈಯೆಲ್ಲ ಹಾಕಿ ಜಗ್ಗುತ್ತಿದ್ದರು. ನಪಾಸಾದದ್ದಕ್ಕೆ ಕೆಂಪು ಪಟ್ಟಿ. ತಮ್ಮ ಸ್ವಂತ ಹಲ್ಲನ್ನು ಅವರು ಅಷ್ಟು ಶ್ರದ್ಧೆಯಿಂದ ಉಜ್ಜಿದ್ದನ್ನು ಯಾರೂ ಕಂಡಿಲ್ಲ!

ಸೋಲಾಪುರದ ಸೂಪರ್‌ವೈಸರ್ ಒಮ್ಮೆ ತಾಳ್ಮೆಗೆಟ್ಟು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಕೇಳಿದರಂತೆ: "ಕಾಕಾ, ಕಾಲಚ್ ಚೆಕ್ ಕೇಲಾ ನಾ? ನಿನ್ನೆ ಪಾಸಾಗಿದ್ದು ಇವತ್ತ ಮತ್ತ್ಯಾಕ್ರಿ?"

"ನಿನ್ನೆ ಉಂಡಿದ್ರಲ್ಲ, ಇವತ್ತ ಡಬ್ಬಿ ಯಾಕ ತಂದ್ರಿ?"

ಖಂಡೇನವಮಿಯಂದು ಕಾರ್ಖಾನೆಯಲ್ಲಿ ಎಲ್ಲ ಯಂತ್ರಗಳಿಗೂ ಕುಂಕುಮ, ಹೂವು, ಕಾಯಿ. ಕಾಕಾ ದೈವಭಕ್ತರೇ, ಆದರೆ ಅವರ ಪಕ್ಕಡ್‌ಗಳಿಗೆ ಯಾರೂ ಕುಂಕುಮ ಹಚ್ಚುವಂತಿರಲಿಲ್ಲ! "ಪುಡಿ ದವಡ್ಯಾಗ ಕುಂತ್ರ ಲಗ್ ಕೂಡ್ತದೇನು? ದೇವ್ರು ಬಂದು ಒತ್ತತಾನ?" ಪಕ್ಕಡ್‌ಗಳನ್ನೆಲ್ಲ ಬೀರುವಿನಲ್ಲಿ ಬೀಗ ಹಾಕಿ, ಬೀರುವಿಗೆ ಊದುಬತ್ತಿ ಬೆಳಗುತ್ತಿದ್ದರು. ದೇವರೂ ಹೊರಗಿನಿಂದಲೇ ಆಶೀರ್ವದಿಸಿ ಹೋಗಬೇಕು.

ನಾನು ಪಾರಾದೆನೆ? ಖರಾಡಿಯಲ್ಲಿ ಹೊಸ ಕೆಲಸ ಸಿಕ್ಕಿದಾಗ ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ ತೂಗಿಸಿಕೊಂಡು ಅವರ ಮನೆಗೆ ಹೋಗಿದ್ದೆ. ಕಾಕಾ ಸುಮ್ಮನೆ ಆ ದಾರ ಹಿಡಿದು ಜಗ್ಗಿದರು. ಕೊಂಡಿ ಕಳಚಿ ಚೀಟಿ ಅವರ ಕೈಗೇ ಬಂತು. "ತಮ್ಮಾ, ಇದು ಭಾಳ ದಿನ ಹಿಡಿಯೂದಿಲ್ಲ." ಒಂದು ಕಡೆ ನಿಲ್ಲದ ಕಾಲು ನನ್ನದು, ಮಳೆಗಾಲ ಮುಗಿಯುವ ಮೊದಲೇ ಆ ಕೆಲಸ ಬಿಟ್ಟೆ. ಎಲ್ಲರೂ ಹೌಹಾರಿದರು, ಕಾಕಾ ಒಬ್ಬರನ್ನು ಬಿಟ್ಟು.

ಹೋದ ವರ್ಷ ಅವರ ಬಲಗೈಗೆ ಲಕ್ವ ಹೊಡೆಯಿತು.

ಡಾಕ್ಟರು ಹಿಚುಕಲು ರಬ್ಬರ್ ಚೆಂಡು ಕೊಟ್ಟರು. ಕಾಕಾ ಅದನ್ನು ಮಂಚದ ಕೆಳಗೆ ಉರುಳಿಸಿದರು. "ಎಷ್ಟ್ ಒತ್ತಿದ್ರೂ ಪಾಸೋ ನಪಾಸೋ ಹೇಳೂದಿಲ್ಲ ಅದು." ಬದಲಿಗೆ ತಮ್ಮ ಸ್ವಂತದ ಹಳೆಯ ಪಕ್ಕಡ್ ಹಿಡಿದು ಕೂತರು. ಅದನ್ನು ಪೂರ್ತಿ ಒತ್ತಿದ ದಿನ ಭೋಸರಿಗೆ ವಾಪಸ್ಸು ಎಂದು ತಮಗೆ ತಾವೇ ಕರಾರು ಹಾಕಿಕೊಂಡರು. ಅಲ್ಲಿಯವರೆಗೆ ಸೂಪರ್‌ವೈಸರಿಗೆ ಫೋನು: "ನಮ್ಮ ಪಕ್ಕಡ್ ಹೆಂಗವ್ರಿ? ಯಾರರ ಕೆಳಗ ಕೆಡವ್ಯಾರೇನು?" ಗಂಡನ ಮನೆಗೆ ಕಳಿಸಿದ ಹೆಣ್ಣುಮಕ್ಕಳನ್ನು ವಿಚಾರಿಸುವ ದನಿ. ಫೋನಿಟ್ಟ ಮೇಲೆ ಮತ್ತೆ ಪಕ್ಕಡ್ ಕೈಗೆತ್ತಿಕೊಳ್ಳುತ್ತಿದ್ದರು. ಕಾಕಾ ಏನನ್ನೂ ಜಗ್ಗದ ಆ ಮನೆಯಲ್ಲಿ ಕೂರಲು ನನಗೆ ಆಗುತ್ತಿರಲಿಲ್ಲ. ಬಂದು ನನ್ನ ಅಂಗಿಯ ಗುಂಡಿಯನ್ನಾದರೂ ಕಿತ್ತುಹಾಕಲಿ ಎನಿಸುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಹೋದಾಗ ಕಾಕಾ ಎಡಗೈಯಿಂದ ಲಗ್ ಕೂರಿಸಿ, ಬಲಗೈಯಿಂದ ಒತ್ತುತ್ತಿದ್ದರು. ಆ ಪಕ್ಕಡಿನ ಸ್ವಭಾವ ಹೇಳಬೇಕು: ಅದರ ಹಲ್ಲುಚಕ್ರ ಅರ್ಧ ಒತ್ತಿದವರನ್ನು ಬಿಡುವುದಿಲ್ಲ. ಪೂರ್ತಿ ಒತ್ತಿದರೆ ಮಾತ್ರ ಕಟಕ್ ಎಂದು ತಾನೇ ಬಾಯಿ ತೆರೆಯುತ್ತದೆ. ಕಾಕಾನ ಹಿಡಿ ಅರ್ಧಕ್ಕೆ ನಿಂತಿತ್ತು. ಹಣೆ ಬೆವರಿತ್ತು.

"ಬಿಡಿಸೋ ಕೊಂಡಿ ಅದ ಅಲ್ರಿ, ಕಾಕಾ. ಅದನ್ನ ಒತ್ತಿ ಬಿಡಿಸ್ರಿ" ಎಂದೆ.

"ಅದು ಲಗ್ ಓರೆ ಕುಂತಾಗ. ಇಲ್ಲಿ ಲಗ್ ನೆಟ್ಟಗ ಅದ, ಕೈ ಓರೆ ಆಗೇದ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಕಾಕು ಹೊರಗೆ ಬಂದರು. ಪಕ್ಕದಲ್ಲಿ ಕೂತು, ಹಿಟ್ಟಿನ ಎರಡೂ ಕೈಗಳನ್ನು ಕಾಕಾನ ಮುಷ್ಟಿಯ ಮೇಲಿಟ್ಟು ಒತ್ತಿದರು.

ಕಟಕ್.

ಕಾಕಾ ಮುಖ ತಿರುಗಿಸಿದರು. "ಇದು ಲೆಕ್ಕಕ್ಕಿಲ್ಲ. ನಾ ಒತ್ತಿದ್ದಲ್ಲ."

"ಹೌದೇನ್ರಿ? ನನ್ನ ಕೈ ನಿಮಗ ಬ್ಯಾರೆಯವರ ಕೈ ಯಾವಾಗ ಆತು?"

ಕಾಕು ನಿಜವಾಗಿ ಹೀಗೆಂದರೋ, ಬಸ್ಸಿನಲ್ಲಿ ಮನೆಗೆ ಮರಳುವಾಗ ನಾನೇ ಜೋಡಿಸಿಕೊಂಡೆನೋ, ಪ್ರಮಾಣ ಮಾಡಲಾರೆ. ಕಾಕಾ ಭೋಸರಿಗೆ ಹೋಗುವ ಮಾತು ಆ ದಿನದಿಂದ ಎತ್ತಲಿಲ್ಲ ಎಂಬುದಷ್ಟು ನಿಜ. ಇನ್ನೊಂದನ್ನು ಮಾತ್ರ, ಯಾವ ಪುರಾವೆಯೂ ಇಲ್ಲದೆ, ನಂಬಿದ್ದೇನೆ: ಪಕ್ಕಡ್ ಆಗಲೇ ಬಾಯಿ ತೆರೆದಿತ್ತು, ಒಲೆಯ ಮೇಲೆ ರೊಟ್ಟಿ ಸೀದು ವಾಸನೆ ಬರುತ್ತಿತ್ತು, ಆದರೂ ಆ ಮೂರು ಕೈಗಳು ಒಂದನ್ನೊಂದು ಬಿಡಲಿಲ್ಲ.