ಕಾಲ್ಗುಣ ಮತ್ತು ಬೇಸಿಗೆ ಟೈರು

ರಾಂಗೆಲ್ ತಾನು ಕೊಂಡ ಕಿತ್ತಳೆ ಬಣ್ಣದ ಹಳೆಯ ಓಟದ ಕಾರಿನ ಟೈರುಗಳನ್ನು ಚಳಿಗಾಲಕ್ಕೆ ಬದಲಿಸಬೇಕಿತ್ತು. ಬದಲಿಸಲಿಲ್ಲ. ಅವನು ಮಾಡಿದ ತಪ್ಪು ಅಷ್ಟೇ.

ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವ, ನಲವತ್ತೆರಡು ದಾಟಿದ ಬ್ರಹ್ಮಚಾರಿಗೆ ಇಂಥ ಕಾರು ಯಾಕೆ ಎಂದು ನಮ್ಮ ಕಟ್ಟಡದವರೆಲ್ಲ ಕೇಳಿಯಾಗಿತ್ತು. ಕಾರಣ ನೆವೆನಾ. ಅಂಚೆ ಕಚೇರಿಯ ಎದುರಿನ ಬೇಕರಿಯಲ್ಲಿ ಕೆಲಸ ಮಾಡುವ ವಿಧವೆ. ವರ್ಷವಿಡೀ ಅವಳ ಕೈಯ ಚೀಸು ತುಂಬಿದ ಬಾನಿತ್ಸಾ ಕಡುಬು ತಿಂದು ತಿಂದು ರಾಂಗೆಲನ ಬೆಲ್ಟಿಗೆ ಎರಡು ಹೊಸ ತೂತು ಬಿದ್ದಿದ್ದವು. ಕೊನೆಗೂ ಅವಳು ಬಾಯಿಬಿಟ್ಟಿದ್ದಳು.

"ನಂಗೇನೋ ಒಪ್ಪಿಗೆ. ಆದ್ರೆ ಅತ್ತೆ ಹ್ಞೂಂ ಅನ್ನದೆ ಮದುವೆ ಆಗಲ್ಲ. ಮಗ ಹೋದ್ಮೇಲೆ ಆ ಮುದುಕಿಗೆ ನಾನೊಬ್ಬಳೇ ಇರೋದು. ಇಗ್ನಾಟನ ಹಬ್ಬದ ಬೆಳಿಗ್ಗೆ ನೀನೇ ಮೊದಲು ಬಂದು ಹೊಸ್ತಿಲು ದಾಟು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಸಂತ ಇಗ್ನಾಟನ ಹಬ್ಬವಾದ ಡಿಸೆಂಬರ್ ಇಪ್ಪತ್ತರಂದು ಮನೆಗೆ ಯಾರು ಮೊದಲು ಕಾಲಿಡುತ್ತಾರೋ ಅವರ ಕಾಲ್ಗುಣವೇ ಆ ಮನೆಗೆ ವರ್ಷಪೂರ್ತಿ. ಹೋದ ವರ್ಷ ಘಾಟಿಯ ಮೇಲಿನ ಗರ್ವನ್ ಹಳ್ಳಿಯಲ್ಲಿ ನೆವೆನಾಳ ಅತ್ತೆ ದೊಬ್ರಾಳ ಮನೆಗೆ ವಿದ್ಯುತ್ ಮೀಟರ್ ನೋಡುವವನು ಮೊದಲು ನುಗ್ಗಿಬಿಟ್ಟಿದ್ದ. ಹಂದಿ ಸತ್ತಿತು, ಛಾವಣಿ ಸೋರಿತು. ಎರಡಕ್ಕೂ ಮುದುಕಿ ಇವತ್ತಿಗೂ ಅವನನ್ನೇ ಶಪಿಸುತ್ತಾಳೆ.

ಹಬ್ಬದ ಬೆಳಿಗ್ಗೆ ಏಳು ಗಂಟೆಗೆ ರಾಂಗೆಲ್ ಕಾರಿನ ಹೊದಿಕೆ ತೆಗೆಯುವಾಗ ಪಕ್ಕದ ಮನೆಯ ಕಾಲ್ಚೊ ಹಾಜರಾದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಬಗ್ಗಿ ಟೈರಿಗೆ ಉಗುರು ಒತ್ತಿ ನೋಡಿದರು.

"ಲೋ, ಇದು ರಬ್ಬರಲ್ಲ, ಮರದ ಹಲಗೆ."

"ಹೊಸದು ಮಾವ. ಟೈರಿನ ಗೆರೆ ನೋಡಿ, ಎಷ್ಟು ಆಳ ಇದೆ."

"ಆಳ ಕಟ್ಕೊಂಡು ಏನ್ ಮಾಡ್ತೀಯ? ಇದು ಸುಡೋ ರೋಡಲ್ಲಿ ಅಂಟ್ಕೊಂಡು ಓಡೋಕೆ ಮಾಡಿರೋ ಟೈರು. ಏಳು ಡಿಗ್ರಿಗಿಂತ ಕೆಳಗಿಳೀತು ಅಂದ್ರೆ ಕಲ್ಲಾಗುತ್ತೆ. ಇವತ್ತು ಸೊನ್ನೆಗಿಂತ ಮೂರು ಕೆಳಗಿದೆ."

"ಹಿಮ ಎಲ್ಲಿದೆ ಮಾವ? ರಸ್ತೆ ಒಣಗಿದೆ!"

"ಹಿಮ ಬೇಕಿಲ್ಲ ಕಣೋ, ಚಳಿ ಸಾಕು. ಗರ್ವನ್ ಘಾಟೀಲಿ ಬ್ರೇಕ್ ಹಾಕಿದಾಗ ನಿಂಗೇ ಗೊತ್ತಾಗುತ್ತೆ." ಕಾಲ್ಚೊ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಅದೂ ರಾಂಗೆಲನಿಗಲ್ಲ, ಕಾರಿಗೆ.

ಟೈರ್ ಅಂಗಡಿಯ ಮುಂದೆ ಒಂದು ವಾರದ ಸರದಿ ಇತ್ತು. ಬಸ್ಸು ಗರ್ವನ್ ಮುಟ್ಟುವುದು ಹತ್ತಕ್ಕೆ. ಅಷ್ಟು ಹೊತ್ತಿಗೆ ಇನ್ಯಾವ ಮೀಟರಿನವನು ಹೊಸ್ತಿಲು ದಾಟಿರುತ್ತಾನೋ! ಜೊತೆಗೆ, ನೆವೆನಾ ಈ ಕಾರನ್ನು ಇನ್ನೂ ನೋಡಿರಲಿಲ್ಲ. ಅವಳಿಗೊಂದು ಅಚ್ಚರಿ ಇರಲಿ ಎಂದು ಅವನು ತಿಂಗಳಿಂದ ಮುಚ್ಚಿಟ್ಟಿದ್ದ. ರಾಂಗೆಲ್ ಹೊರಟೇಬಿಟ್ಟ.

ಬಯಲು ದಾಟುವವರೆಗೆ ಎಲ್ಲ ಸರಿಯಿತ್ತು. ಘಾಟಿ ಶುರುವಾದ ಮೇಲೆ ಅಣೆಕಟ್ಟಿನ ನೀರಿನಿಂದ ಮಂಜು ಎದ್ದು ರಸ್ತೆಯನ್ನು ನುಂಗತೊಡಗಿತು. ಮೊದಲ ತಿರುವಿನಲ್ಲಿ ಅವನು ಸ್ಟೀರಿಂಗ್ ಎಡಕ್ಕೆ ತಿರುಗಿಸಿದ. ಕಾರು ಮಾತ್ರ ತನ್ನ ಪಾಡಿಗೆ ಒಂದಿಷ್ಟು ದೂರ ನೆಟ್ಟಗೆ ಹೋಗಿ, ಆಮೇಲೆ ಒಲ್ಲದ ಮನಸ್ಸಿನಿಂದ ಎಡಕ್ಕೆ ಬಂತು. ಯಾರೋ ಹಿಂದಿನ ಸೀಟಿನಲ್ಲಿ ಕೂತು ಬೇರೆ ಕಡೆಗೆ ಎಳೆಯುತ್ತಿರುವಂತೆ ಅವನಿಗೆ ಅನ್ನಿಸಿತು. ತಿರುಗಿ ನೋಡಿದ. ಯಾರೂ ಇರಲಿಲ್ಲ.

ಮೇಲಿನ ಹಳ್ಳಿಯೊಂದರಲ್ಲಿ ಬಾವಿಕಟ್ಟೆಯ ಹತ್ತಿರ ನಿಂತಿದ್ದ ಮುದುಕಿ ಕಾರನ್ನು ಕಂಡದ್ದೇ ಬಕೆಟ್ ಕೈಬಿಟ್ಟು ಶಿಲುಬೆ ಗುರುತು ಮಾಡಿಕೊಂಡಳು. ಮುಂದೆ ಅಂಗಡಿಯವನೊಬ್ಬ ಅರ್ಧ ತೆಗೆದಿದ್ದ ಬಾಗಿಲನ್ನು ಧಡಾರನೆ ಎಳೆದುಕೊಂಡ. ಕತ್ತೆಗಾಡಿಯಲ್ಲಿ ಸೌದೆ ಹೇರಿಕೊಂಡು ಬರುತ್ತಿದ್ದ ಗಂಡಸು ಟೋಪಿ ತೆಗೆದು ತಲೆ ತಗ್ಗಿಸಿ ನಿಂತ, ಹೆಣ ಸಾಗುವಾಗ ನಿಲ್ಲುವ ಹಾಗೆ.

ರಾಂಗೆಲ್ ಗಾಜು ಇಳಿಸಿದ. "ಏನಣ್ಣಾ, ಏನಾಯ್ತು?"

ಅವನು ಮುಖ ಎತ್ತಲಿಲ್ಲ. "ಹೋಗಪ್ಪಾ, ಹೋಗು. ನಮ್ಮನ್ನೇನೂ ಕೇಳಬೇಡ. ನಾವೇನೂ ಮಾಡಿಲ್ಲ."

ಈ ಕಡೆಯ ಜನ ಟೈರುಗಳ ವಿಷಯದಲ್ಲಿ ಇಷ್ಟೊಂದು ಕಟ್ಟುನಿಟ್ಟು ಎಂದು ರಾಂಗೆಲನಿಗೆ ತಿಳಿದಿರಲಿಲ್ಲ.

ಕೊನೆಯ ತಿರುವು ಬಂದಾಗ ಬ್ರೇಕ್ ಒತ್ತಿದ. ಪೆಡಲ್ ಕಾಲಡಿಯಲ್ಲಿ ಗಡಗಡ ನಡುಗಿತು, ಕಾರು ನಿಲ್ಲಲಿಲ್ಲ. ಒಣ ರಸ್ತೆಯ ಮೇಲೆ, ಸದ್ದಿಲ್ಲದೆ, ಅವಸರವೂ ಇಲ್ಲದೆ ಅದು ಪ್ರಪಾತದ ಕಡೆಗೆ ಜಾರುತ್ತಾ ಹೋಯಿತು. ರಾಂಗೆಲ್ ತನ್ನ ಅಮ್ಮನನ್ನೂ ಸಂತ ಇಗ್ನಾಟನನ್ನೂ ಕಾಲ್ಚೊ ಮಾವನನ್ನೂ ಒಟ್ಟಿಗೆ ಕೂಗಿದ. ರಸ್ತೆಯಂಚಿನ ಮುರಿದ ಕಬ್ಬಿಣದ ಕಟಕಟೆಗೆ ಒಂದು ಗೇಣು ಇರುವಾಗ ಕಾರು ನಿಂತಿತು. ಕೆಳಗೆ ಮಂಜು, ಅದರ ಕೆಳಗೆ ಕಪ್ಪು ನೀರು.

ಪಕ್ಕದಲ್ಲೇ ಒಂದು ಸ್ಮಾರಕದ ಕಲ್ಲು. ಗಾಜಿನ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಕಲ್ಲಿನಲ್ಲಿ ಕೂರಿಸಿದ ಫೋಟೋದಲ್ಲಿ ಒಬ್ಬ ಗಂಡಸು ಚಿನ್ನದ ಹಲ್ಲು ಕಾಣುವಂತೆ ನಗುತ್ತಾ ಇದೇ ಕಿತ್ತಳೆ ಕಾರಿಗೆ ಒರಗಿ ನಿಂತಿದ್ದ. ಕೆಳಗೆ ಬರೆದಿತ್ತು: ಕ್ರುಮ್. ಸತ್ತ ದಿನ, ಎರಡು ವರ್ಷದ ಹಿಂದಿನ ಡಿಸೆಂಬರ್.

ಕ್ರುಮ್ ಎಂದರೆ ನೆವೆನಾಳ ಗಂಡ. ಕಾರಿನ ಸಮೇತ ಅಣೆಕಟ್ಟಿನ ನೀರಿಗೆ ಬಿದ್ದು ಸತ್ತವನು. ಅದು ರಾಂಗೆಲನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಅವನ ಮುಖ. ಆ ಮುಖವನ್ನು ಅವನು ಈಗಾಗಲೇ ನೋಡಿದ್ದ. ಹೋದ ತಿಂಗಳು ಸಮುದ್ರ ತೀರದ ನಗರ ಬುರ್ಗಾಸ್‌ನಲ್ಲಿ ಇದೇ ಚಿನ್ನದ ಹಲ್ಲಿನವನು ಸೂರ್ಯಕಾಂತಿ ಬೀಜ ಜಗಿಯುತ್ತಾ ಅವನಿಗೆ ಈ ಕಾರು ಮಾರಿದ್ದ.

ಆಮೇಲಿನ ಎರಡು ಮೈಲಿಯನ್ನು ಅವನು ಹೇಗೆ ದಾಟಿದನೋ ದೇವರಿಗೇ ಗೊತ್ತು. ಕನ್ನಡಿಯ ಕಡೆ ನೋಡಲೇ ಇಲ್ಲ. ಹಿಂದಿನ ಸೀಟಿನಲ್ಲಿ ಯಾರೋ ಬೀಜ ಜಗಿಯುವ ಸದ್ದು ಕೇಳುತ್ತಿತ್ತು; ಅದು ತನ್ನದೇ ಹಲ್ಲುಗಳ ಕಟಕಟ ಎಂದು ತಿಳಿದಾಗ ಮನೆ ಬಂದಿತ್ತು.

ಮಂಜಿನಲ್ಲಿ ದೊಬ್ರಾಳ ಬಾಗಿಲು ತೆರೆದೇ ಇತ್ತು. ಕಪ್ಪು ಬಟ್ಟೆಯ ಮುದುಕಿ ಕೈ ಚಾಚಿ ನಿಂತಿದ್ದಳು. "ಆ ಕಾರಿನ ಸದ್ದು ನಂಗೆ ಗೊತ್ತು," ಎಂದಳು ಮೆಲ್ಲಗೆ. "ಬಂದ್ಯಾ ಮಗನೇ? ಒದ್ದೆಯಾಗಿದ್ದೀಯಾ?"

"ಇ... ಇಲ್ಲ ಅಮ್ಮಾ, ನಾನು ರಾಂಗೆಲ್. ಅಂಚೆ ಕಚೇರಿ," ಎಂದು ಅವನು ಒಂದೇ ನೆಗೆತಕ್ಕೆ ಹೊಸ್ತಿಲು ದಾಟಿದ. ಸದ್ಯ, ಅವನಿಗಿಂತ ಮೊದಲು ಯಾರೂ ಬಂದಿರಲಿಲ್ಲ. ಹಬ್ಬದ ಪದ್ಧತಿಯಂತೆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬೆಂಕಿ ಕೆದಕುತ್ತಾ ಹಾರೈಸಿದ: "ಕೋಳಿಮರಿ ಹೆಚ್ಚಲಿ, ಕುರಿಮರಿ ಹೆಚ್ಚಲಿ, ಈ ಮನೆಯಿಂದ ಹೋದದ್ದೆಲ್ಲ ತಿರುಗಿ ಬರಲಿ..."

ತಲೆಯೆತ್ತಿದರೆ ಗೋಡೆಯ ಮೇಲೆ ಅದೇ ಚಿನ್ನದ ಹಲ್ಲು. ಕೈಯಲ್ಲಿದ್ದ ಕೋಲು ಕೆಳಗೆ ಬಿತ್ತು.

"ಈ... ಈ ಮನುಷ್ಯ ನಂಗೆ ಕಾರು ಮಾರಿದ. ಹೋದ ತಿಂಗಳು."

ದೊಬ್ರಾ ಕುಸಿದು ಕೂತಳು. ಕಿಟಕಿಯಿಂದ ಕಾರನ್ನೇ ದಿಟ್ಟಿಸುತ್ತಿದ್ದ ನೆವೆನಾ ಮಾತ್ರ ನಿಧಾನವಾಗಿ ತಿರುಗಿದಳು.

"ದೆವ್ವ ಅಂತೀಯಾ?"

"ಮತ್ತಿನ್ನೇನು?"

"ಚೌಕಾಸಿ ಮಾಡಿದ್ನಾ?"

"ಕಾಲೊರೆಸೋ ಮ್ಯಾಟಿಗೂ ಬೇರೆ ದುಡ್ಡು ಕೇಳ್ದ."

"ಹಾಗಾದ್ರೆ ಅವನು ಸತ್ತಿಲ್ಲ," ಎಂದಳು ನೆವೆನಾ. "ಕಾರಿನ ಕಾಗದ ಯಾರ ಹೆಸರಲ್ಲಿತ್ತು?"

"ಅವನ ಹೆಂಡ್ತಿ ಹೆಸರಲ್ಲಿ. ಸ್ಟೆಲ್ಲಾ ಅಂತ... ಟೈರು ಬಲು ಒಳ್ಳೇದು, ಆದ್ರೆ ಚಳೀಲಿ ಮಾತ್ರ ಓಡಿಸಬೇಡ ತಮ್ಮಾ, ಪ್ರಾಣ ಹೋಗುತ್ತೆ ಅಂತಾನೂ ಹೇಳಿದ್ದ."

ನೋಡಿ, ಎರಡು ವರ್ಷದ ಹಿಂದೆ ಸಿಕ್ಕಿದ್ದು ಮುರಿದ ಕಟಕಟೆ ಮಾತ್ರ. ಹೆಣ ಸಿಗಲಿಲ್ಲ, ಕಾರು ಸಿಗಲಿಲ್ಲ, ಅಷ್ಟರಲ್ಲಿ ಅಣೆಕಟ್ಟಿನ ನೀರು ಹೆಪ್ಪುಗಟ್ಟಿತು. ಡಿಸೆಂಬರಿನಲ್ಲಿ ಅಂಥ ಟೈರು ಹಾಕಿಕೊಂಡು ಆ ಘಾಟಿ ಇಳಿದವನು ಸಾಯದೆ ಇನ್ನೇನಾಗುತ್ತಾನೆ ಎಂದು ಇಡೀ ಕಣಿವೆ ಒಂದೇ ಬಾಯಲ್ಲಿ ಹೇಳಿತು. ಪಾದ್ರಿ ಪ್ರಾರ್ಥನೆ ಹೇಳಿದ, ಜನ ನಲವತ್ತನೆಯ ದಿನದ ಊಟ ಉಂಡು ಎದ್ದರು. ಆ ಖದೀಮನಿಗೆ ತನ್ನ ಊರಿನವರ ಬುದ್ಧಿ ಚೆನ್ನಾಗಿ ಗೊತ್ತಿತ್ತು.

ದೊಬ್ರಾ ಎದ್ದವಳೇ ರಾಂಗೆಲನ ಎರಡೂ ಕೆನ್ನೆಗೆ ಲೊಚಲೊಚನೆ ಮುತ್ತಿಟ್ಟಳು. "ಎಂಥಾ ಕಾಲ್ಗುಣ ನಿಂದು! ಹೊಸ್ತಿಲು ದಾಟಿದ್ದೇ ತಡ, ಸತ್ತ ಮಗನನ್ನ ಬದುಕಿಸಿಬಿಟ್ಟೆ! ಬಾಯಿ ಬಿಟ್ಟು ಕೇಳು ಮಗಾ, ಏನ್ ಬೇಕು ನಿಂಗೆ?"

ರಾಂಗೆಲ್ ನೆವೆನಾಳ ಮುಖ ನೋಡಿದ. ಒಂದು ಗಂಟೆ ಮೊದಲಾಗಿದ್ದರೆ ಹೇಳಲು ಒಂದು ಮಾತಿತ್ತು. ಈಗ ಗಂಡ ಬದುಕಿರುವ ಹೆಂಗಸನ್ನು, ಅದೂ ಆ ಗಂಡನ ತಾಯಿಯ ಹತ್ತಿರ, ಹೇಗೆ ಕೇಳುವುದು? "ಒಂದು ಲೋಟ ನೀರು," ಎಂದ.

ನೆವೆನಾ ಆಗಲೇ ಕೋಟು ಹಾಕಿಕೊಂಡಿದ್ದಳು. ಗೋಡೆಯಿಂದ ಫೋಟೋ ಕಿತ್ತು ಕಂಕುಳಲ್ಲಿ ಇರುಕಿಕೊಂಡು, "ಕಾರು ತೆಗಿ. ಬುರ್ಗಾಸ್‌ಗೆ," ಎಂದಳು.

"ನೆವೆನಾ, ಆ ಟೈರುಗಳು..."

"ಆ ಟೈರು ಇಲ್ಲೀವರೆಗೆ ಯಾರನ್ನೂ ಕೊಂದಿಲ್ಲ. ಬುರ್ಗಾಸ್ ಮುಟ್ಟಲಿ, ಆಮೇಲೆ ನೋಡೋಣ."

ಹಿಂದಿನ ಸೀಟಿನಲ್ಲಿ ದೊಬ್ರಾ ಮಗನಿಗೆಂದು ಕುಂಬಳಕಾಯಿ ಕಡುಬಿನ ತಟ್ಟೆ ಹಿಡಿದು ಕೂತಳು. ಮುಂದಿನ ಸೀಟಿನಲ್ಲಿ ನೆವೆನಾ, ಒಲೆ ಕೆದಕುವ ಕಬ್ಬಿಣದ ಸಲಾಕೆ ಹಿಡಿದು. ಮಂಜಿನೊಳಗೆ ಹಿಮ ಉದುರತೊಡಗಿತು. ರಾಂಗೆಲ್ ನಡೆದು ಹೋಗುವಷ್ಟೇ ವೇಗದಲ್ಲಿ ಘಾಟಿ ಇಳಿಯುತ್ತಿದ್ದ. ಪಕ್ಕದಿಂದಲೂ ಹಿಂದಿನಿಂದಲೂ ಹೆಂಗಸರು ಒಂದೇ ಮಾತು ಹೇಳುತ್ತಿದ್ದರು: "ಇನ್ನೂ ಸ್ವಲ್ಪ ಬೇಗ ಹೋಗಬಾರದಾ!"