ಒಂದೇ ಸಲ ಕೂಗಬೇಕು

ಶ್ರೀರಾಮನ ಕಷ್ಟಕ್ಕೆಲ್ಲ ಕಾರಣ ಕ್ರಿಕೆಟ್ಟು. ತೊಂಬತ್ತಾರರ ವರ್ಲ್ಡ್ ಕಪ್ ಮ್ಯಾಚುಗಳನ್ನು ಒಂದೂ ಬಿಡದೆ ನೋಡಿ, ಸೆಕೆಂಡ್ ಪಿಯುಸಿಯ ಸಮಾಜಶಾಸ್ತ್ರದ ತರಗತಿಗಳನ್ನು ಒಂದೂ ಬಿಡದೆ ತಪ್ಪಿಸಿದ್ದ. ಹಾಜರಿ ಕಮ್ಮಿಯಾದರೆ ಹಾಲ್ ಟಿಕೆಟ್ ಇಲ್ಲ. ಹಾಲ್ ಟಿಕೆಟ್ ಇಲ್ಲದಿದ್ದರೆ, ಶ್ರೀರಂಗಪಟ್ಟಣದ ಒಂದು ಸಣ್ಣ ಗುಡಿಯ ಅರ್ಚಕರಾದ ಅಪ್ಪ ಅವನ ಕೈಗೆ ಗಂಟೆ ಕೊಟ್ಟು ಗರ್ಭಗುಡಿಯಲ್ಲಿ ನಿಲ್ಲಿಸುವುದು ಖಂಡಿತವಿತ್ತು. ಅವನಿಗೆ ಗರ್ಭಗುಡಿಯ ಕತ್ತಲೆಂದರೆ ಚಿಕ್ಕಂದಿನಿಂದಲೂ ಭಯ.

ಸಮಾಜಶಾಸ್ತ್ರದ ಲೆಕ್ಚರರ್ ಸಿದ್ದರಾಜು ಒಂದು ದಾರಿ ತೋರಿಸಿದರು. ಅವರು ದೇವರನ್ನೂ ನಂಬದ, ದೆವ್ವವನ್ನೂ ನಂಬದ ಖಡಕ್ ಮನುಷ್ಯ.

"ಸೋಮವಾರದೊಳಗೆ ಒಂದು ಹಳ್ಳೀಲಿ ಸರ್ವೆ ಮಾಡ್ಕೊಂಡು ಬಾ, ಹಾಜರಿ ನಾನು ಸರಿಮಾಡ್ತೀನಿ. ವಿಷಯ, ಗ್ರಾಮೀಣ ಜನರಲ್ಲಿ ಮೂಢನಂಬಿಕೆ."

ಹಿಂದಿನ ಚುನಾವಣೆ ಡ್ಯೂಟಿಯಲ್ಲಿ ಉಳಿದಿದ್ದ ಹಳೇ ಮತದಾರರ ಪಟ್ಟಿಗಳನ್ನು ಮುಂದೆ ಹರಡಿದರು. ಶ್ರೀರಾಮ ಕಣ್ಣು ಮುಚ್ಚಿ ಒಂದನ್ನು ಎಳೆದ. ಯಾವ ಊರಿನದೆಂದು ಸಿದ್ದರಾಜು ನೋಡಲೂ ಇಲ್ಲ. ಅರಕೆರೆ ಆಚೆಯ ಒಂದು ಸಣ್ಣ ಕೊಪ್ಪಲು ಅದು. ಪಟ್ಟಿಯಲ್ಲಿ ಪ್ರತಿ ಐದನೇ ಹೆಸರಿನವರನ್ನು ಮಾತಾಡಿಸಬೇಕು. ಒಟ್ಟು ಇಪ್ಪತ್ತು ಜನ, ಇಪ್ಪತ್ತು ಫಾರಂ. ಫಾರಂನಲ್ಲಿ ಇದ್ದದ್ದು ಎರಡೇ ಪ್ರಶ್ನೆ: ನೀವು ದೆವ್ವವನ್ನು ನಂಬುತ್ತೀರಾ? ನಂಬುವುದಾದರೆ ಕಾರಣವೇನು? ಕೆಳಗೆ ರುಜು ಅಥವಾ ಹೆಬ್ಬೆಟ್ಟಿಗೆ ಜಾಗ. ಮೇಲ್ಗಡೆ 'ವಿದ್ಯಾರ್ಥಿ: ಶ್ರೀರಾಮ್, ಮಾರ್ಗದರ್ಶಕರು: ಸಿದ್ದರಾಜು' ಎಂದು ಬರೆದಿತ್ತು.

"ಬಾಗಿಲಲ್ಲಿ ನಿಂತು ಹೆಸರು ಹಿಡಿದು ಒಂದೇ ಸಲ ಕೂಗ್ಬೇಕು. ಮತ್ತೆ ಮತ್ತೆ ಕೂಗಿದ್ರೆ ಬಲವಂತ ಮಾಡಿದ ಹಾಗಾಗುತ್ತೆ" ಎಂದು ಎಚ್ಚರಿಸಿದರು.

ಶನಿವಾರ ನಡುಮಧ್ಯಾಹ್ನ ಶ್ರೀರಾಮ ಕೊಪ್ಪಲು ಸೇರಿದಾಗ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಂದು ನಾಯಿ ಅವನನ್ನು ನೋಡಿ ಬೊಗಳದೆ ಎದ್ದು ಹೋಯಿತು. ಮನೆ ಮನೆಯ ಮುಂದೆ ನಿಂತು ಒಂದೊಂದೇ ಸಲ ಕೂಗಿದ. ಒಳಗೆ ಪಾತ್ರೆ ಸದ್ದಾಗುತ್ತಿತ್ತು, ಇವನು ಕೂಗಿದ ತಕ್ಷಣ ಅದೂ ನಿಲ್ಲುತ್ತಿತ್ತು. ಯಾರೂ ಬಾಗಿಲು ತೆಗೆಯಲಿಲ್ಲ.

ನೀಲಿ ಬಾಗಿಲಿನ ಒಂದು ಮನೆ ಮುಂದೆ ನಿಂತು, "ಚಲುವಮ್ಮನವರೇ" ಎಂದ.

"ಬೀಗ ಕಾಣಾಕಿಲ್ವೇನಪ್ಪಾ?" ಎದುರುಮನೆ ಜಗುಲಿಯಿಂದ ಬೈರಮ್ಮ ಎಂಬ ಮುದುಕಿ ಕೇಳಿದಳು. "ಬಾಲವಾಡಿ ಟೀಚರಮ್ಮ ಅವ್ರು. ದೀಪಾವಳಿಗೆ ತೀರ್ಕೊಂಡ್ರು."

"ಯಾರ್ನ ಕೂಗಿದ್ರೂ ಯಾರೂ ಬರ್ತಿಲ್ವಲ್ಲಮ್ಮ?"

"ಒಂದೇ ಕಿತ ಕೂಗುದ್ರೆ ಯಾರ್ ಬತ್ತಾರೆ? ಒಂದೇ ಕಿತ ಕೂಗೋದು ಅವು. ಮೂರ್ ಕಿತ ಕೂಗುದ್ರೆ ಮನುಸ್ರು ಅಂತ ಗೊತ್ತಾಯ್ತದೆ, ಆಗ ಓ ಅಂತೀವಿ."

ಶ್ರೀರಾಮ ನಕ್ಕು, ಕೆಂಪು ಪೆನ್ನು ತೆಗೆದು ಪಟ್ಟಿಯಲ್ಲಿ ಚಲುವಮ್ಮನ ಹೆಸರನ್ನು ಹೊಡೆದುಹಾಕಿದ.

"ಅದೇನದು, ಓಟಿನ ಲಿಸ್ಟಾ?" ಬೈರಮ್ಮ ಕೇಳಿದಳು. ಅವನು ಹೂಂ ಎಂದಿದ್ದೇ ತಡ, ಮುದುಕಿ ಸೆರಗು ಬಿಗಿದುಕೊಂಡು ಬಿರಬಿರನೆ ಊರೊಳಗೆ ನಡೆದುಬಿಟ್ಟಳು.

ಆಮೇಲೆ ಊರಿನ ರೀತಿಯೇ ಬದಲಾಯಿತು. ಕಾಲು ಗಂಟೆ ಬಿಟ್ಟು "ಕೆಂಪಣ್ಣನವರೇ" ಎಂದು ಕೂಗಿದರೆ, ಒಂದೇ ಕೂಗಿಗೆ "ಓ" ಎಂಬ ಉತ್ತರ ಬಂತು. ಆ ಉರಿಬಿಸಿಲಲ್ಲಿ ತಲೆತುಂಬ ಕಂಬಳಿ ಹೊದ್ದ ಒಬ್ಬ ಕೆಮ್ಮುತ್ತಾ ಬಾಗಿಲಿಗೆ ಬಂದ. ಮುಖ ಕಾಣಿಸಲಿಲ್ಲ.

"ದೆವ್ವ ನಂಬ್ತೀರಾ?"

"ಇಲ್ಲ ಸಾ. ಕೆಂಪಣ್ಣ ನಾನೇ, ಬರ್ಕೊಳಿ."

ಮುಂದಿನ ಬೀದಿಯಲ್ಲಿ "ದೇವಯ್ಯನವರೇ" ಎಂದ. ಅಲ್ಲೂ ಒಂದೇ ಕೂಗಿಗೆ ಓ, ಅದೇ ಕೆಮ್ಮು, ಅದೇ ಕಂಬಳಿ. ಸಂತೆಬಾಚಹಳ್ಳಿ ಸಂತೆಯಲ್ಲಿ ಊರವರೆಲ್ಲ ಒಟ್ಟಿಗೆ ಕಂಬಳಿ ಕೊಂಡಿರಬೇಕೆಂದು ಶ್ರೀರಾಮ ಸಮಾಧಾನ ಮಾಡಿಕೊಂಡ. ಬರೆಯುತ್ತಾ ತಲೆಯೆತ್ತಿದರೆ ಆ ಕಂಬಳಿಯ ಹಿಂದೆ ಗೋಡೆಯ ಮೇಲೆ ಹಾರ ಹಾಕಿದ ಒಂದು ಫೋಟೋ. ಕೆಳಗೆ 'ದೇವಯ್ಯ, ಮರಣ ೧೯೯೪' ಎಂದಿತ್ತು.

"ಆ ಫೋಟೋ..."

"ನಂದೇ ಸಾ" ಎಂದಿತು ಕಂಬಳಿ.

ಶ್ರೀರಾಮ ಒಂದೇ ನೆಗೆತಕ್ಕೆ ಬೀದಿಗೆ ಬಿದ್ದ. ಪಂಚೆ ಉಟ್ಟಿದ್ದರೆ ಬಿಚ್ಚಿಹೋಗುತ್ತಿತ್ತು, ಪುಣ್ಯಕ್ಕೆ ಪ್ಯಾಂಟು ಹಾಕಿದ್ದ. ಬಂದ ದಾರಿಯಲ್ಲೇ ಓಡಿದ. ನೀಲಿ ಬಾಗಿಲು ದಾಟುವಾಗ ಹಿಂದಿನಿಂದ ಒಂದು ಹೆಂಗಸಿನ ದನಿ ಮೆತ್ತಗೆ ಕೇಳಿತು.

"ಶ್ರೀರಾಮಾ."

ಒಂದೇ ಸಲ. ಹಿರಿಯರು ಕರೆದರೆ ಉತ್ತರ ಕೊಡಬೇಕೆಂದು ಅಪ್ಪ ಕಲಿಸಿದ್ದ ಅಭ್ಯಾಸದಿಂದ ಅವನ ಬಾಯಿ ತಾನಾಗಿಯೇ "ಓ" ಎಂದುಬಿಟ್ಟಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಬೀಗ ಹಾಗೇ ಇತ್ತು. ಫಾರಂ ಕಟ್ಟು ಕೈ ಜಾರಿ ಆ ಮನೆಯ ಜಗುಲಿಯ ಮೇಲೆ ಬಿತ್ತು. ಅದನ್ನು ಎತ್ತಿಕೊಳ್ಳಲು ಅವನು ನಿಲ್ಲಲಿಲ್ಲ.

ಅರಕೆರೆ ಬಸ್ ಸ್ಟ್ಯಾಂಡಿನಲ್ಲಿ ಸೋಡಾ ಕುಡಿಯುತ್ತಿದ್ದಾಗ ಒಬ್ಬ ಗಟ್ಟಿಮುಟ್ಟಾದ ಆಸಾಮಿ ಮೊಪೆಡ್ಡಿನಲ್ಲಿ ಬಂದಿಳಿದ. ಕ್ಯಾರಿಯರ್ ಮೇಲೆ ಅದೇ ಕಂಬಳಿ, ಕೈಯಲ್ಲಿ ಫಾರಂ ಕಟ್ಟು.

"ನಾನು ದೇವರಾಜು. ಊರಲ್ಲಿ ಓಟಿನ ಕೆಲ್ಸ ನಾನೇ ನೋಡ್ಕೊಳೋದು. ಓಡೋಗ್ಬುಟ್ರಲ್ಲ ಸಾ? ಎಲ್ಲಾರ್ದೂ ತುಂಬಿಸಿ ತಂದಿವ್ನಿ, ಒಬ್ರುನ್ನೂ ಲಿಸ್ಟಿಂದ ತೆಗಿಬ್ಯಾಡಿ. ನಮ್ಮೂರಲ್ಲಿ ಎಲೆಕ್ಷನ್ ಮುಗಿಯೋಗಂಟ ಯಾರೂ ಸತ್ತಿಲ್ಲ."

ಶ್ರೀರಾಮನಿಗೆ ಹೋದ ಜೀವ ಬಂದಂತಾಯಿತು. ತನ್ನನ್ನು ಎಲೆಕ್ಷನ್ ಆಫೀಸಿನವನೆಂದು ತಿಳಿದು ಇವನು ಸತ್ತವರ ಪಾರ್ಟು ಹಾಕಿದ್ದಾನೆ, ಅಷ್ಟೇ. ಶ್ರೀರಾಮ ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ನಕ್ಕ.

"ಚಲುವಮ್ಮನ ಪಾರ್ಟು ಯಾರ್ದು? ನನ್ನ ಹೆಸ್ರು ಹಿಡ್ದು ಕೂಗಿದ್ರಲ್ಲ?"

ದೇವರಾಜು ಮುಖ ಸಿಂಡರಿಸಿದ. "ಆ ಮನೆ ಬೀಗದ ಕೀ ಯಾರ್ತಾವೂ ಇಲ್ಲ ಸಾ. ಜಗುಲಿಯಿಂದ ಕಟ್ಟು ಎತ್ಕೊಂಡಾಗ ಅವ್ರ ಫಾರಂ ಆಗ್ಲೇ ತುಂಬಿತ್ತು. ನೀವೇ ಬರ್ದಿದ್ದೀರಿ ಅನ್ಕೊಂಡೆ."

ಬಸ್ಸು ಬಂತು. ಶ್ರೀರಾಮ ಕಟ್ಟು ಕಿತ್ತುಕೊಂಡು ಹತ್ತಿಬಿಟ್ಟ.

ಸೋಮವಾರ ಸಿದ್ದರಾಜು ಫಾರಂಗಳನ್ನು ಒಂದೊಂದಾಗಿ ತಿರುವಿದರು.

"ಇದೇನಯ್ಯಾ, ಇಡೀ ಊರಿಗೆ ಒಂದೇ ಹೆಬ್ಬೆಟ್ಟು? ಕೂತಲ್ಲೇ ತುಂಬಿಸ್ಕೊಂಡು ಬಂದಿದ್ದೀಯ. ಹಾಲ್ ಟಿಕೆಟ್ ಮರೆತ್‌ಬಿಡು" ಎಂದರು. ಶ್ರೀರಾಮನ ಕಿವಿಯಲ್ಲಿ ಗರ್ಭಗುಡಿಯ ಗಂಟೆ ಹೊಡೆಯಿತು.

ಕೊನೆಯ ಫಾರಂ ಬಂದಾಗ ಅವರ ಕೈ ನಿಂತಿತು. ಅದರಲ್ಲಿ ಹೆಬ್ಬೆಟ್ಟು ಇರಲಿಲ್ಲ. ಸ್ಲೇಟಿನ ಮೇಲೆ ಬರೆದಂಥ ದುಂಡು ಅಕ್ಷರದಲ್ಲಿ ಚಲುವಮ್ಮ ಎಂಬ ರುಜು ಇತ್ತು.

"ಇವರು ನನ್ನ ಸೋದರತ್ತೆ. ನಂಗೆ ಅಕ್ಷರ ತಿದ್ದಿಸಿದೋರು" ಎಂದರು. "ತಿಥಿ ಊಟ ನಾನೇ ಬಡಿಸಿದ್ದೀನಿ."

ನೀವು ದೆವ್ವವನ್ನು ನಂಬುತ್ತೀರಾ ಎಂಬುದಕ್ಕೆ ಉತ್ತರ ಹೀಗಿತ್ತು: 'ಮೊದಲು ನಂಬುತ್ತಿರಲಿಲ್ಲ.'

ಕಾರಣವೇನು ಎಂಬುದರ ಕೆಳಗೆ: 'ಬರೆಯುತ್ತಾ ಕೂತರೆ ಉದ್ದವಾಗುತ್ತದೆ ಗುಂಡ. ಈ ಹುಡುಗನನ್ನೇ ಇನ್ನೊಂದು ಸಲ ಕಳಿಸು. ಕರೆದರೆ ಓ ಅನ್ನುತ್ತಾನೆ, ಒಳ್ಳೆಯವನು.'

ಸಿದ್ದರಾಜು ಅವರನ್ನು ಮನೆಯಲ್ಲಿ ಗುಂಡ ಎನ್ನುತ್ತಿದ್ದರೆಂದು ಇಡೀ ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಒಂದು ಹೊಸ ಫಾರಂ ತೆಗೆದು ಶ್ರೀರಾಮನ ಮುಂದೆ ಸರಿಸಿದರು.

"ಎರಡನೇ ಪ್ರಶ್ನೆಗೆ ಉತ್ತರ ಪೂರ್ತಿ ಇಲ್ಲ. ತಗೊಂಡು ಬಾ, ಹಾಲ್ ಟಿಕೆಟ್ ಕೊಡ್ತೀನಿ."

ಶ್ರೀರಾಮ ಬಾಗಿಲ ತನಕ ಹೋಗಿದ್ದ. ಅವರು ಮತ್ತೆ ಕರೆದರು.

"ಶ್ರೀರಾಮಾ. ಶ್ರೀರಾಮಾ. ಶ್ರೀರಾಮಾ. ಅಲ್ಲಿ ನೀನೂ ಮೂರು ಸಲ ಕೂಗಪ್ಪ."